ಮನೆಯ ಸೂರು ಬದಲಾಯಿಸಬೇಕಾ, ರಿಪೇರಿ ಸಾಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ಮಳೆ ಸುರಿಯುವ ರಾತ್ರಿ ಬಕೆಟ್ ಹುಡುಕುವಾಗ ಎಲ್ಲರಿಗೂ ಅನ್ನಿಸುವುದು ಒಂದೇ: ಈ ಸೂರನ್ನೇ ಕಿತ್ತು ಹೊಸದು ಹಾಕಿಸಿಬಿಡೋಣ. ಮಳೆ ನಿಂತು ಬಿಸಿಲು ಬಂದ ಮೇಲೆ ಅನ್ನಿಸುವುದೂ ಒಂದೇ: ಮುಂದಿನ ವರ್ಷ ನೋಡೋಣ ಬಿಡು. ಎರಡೂ ಸೂರನ್ನು ನೋಡದೆ ಮಾಡಿದ ತೀರ್ಮಾನ. ನೋಡುವುದು ಹೇಗೆ, ಏನನ್ನು ನೋಡಬೇಕು ಎಂದು ಜನ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇದೆ.

ಸೋರುತ್ತಿದೆ. ಸೂರಿನ ಕಥೆ ಮುಗಿಯಿತು ಅಂತಲೇ ಅರ್ಥವಾ?

ಹೆಚ್ಚಿನ ಸಲ ಅಲ್ಲ. ಸೂರಿಗೂ ಚರ್ಮ ಇದೆ, ಮೂಳೆ ಇದೆ. ಹೆಂಚು, ತಗಡು, ವಾಟರ್‌ಪ್ರೂಫಿಂಗ್ ಪದರ ಇವೆಲ್ಲ ಚರ್ಮ. ಮರದ ತೊಲೆ, ರೀಪು, ಬೀಮು, ಕಾಂಕ್ರೀಟಿನ ಒಳಗಿನ ಕಂಬಿ ಇವು ಮೂಳೆ. ಸೋರುವುದು ಬಹುಮಟ್ಟಿಗೆ ಚರ್ಮದ ಕಾಯಿಲೆ. ಒಡೆದ ಹೆಂಚು ಬದಲಾಯಿಸಿದರೆ, ಬಿಟ್ಟ ಸಂದಿ ಮುಚ್ಚಿದರೆ ವಾಸಿಯಾಗುತ್ತದೆ. ಅಷ್ಟಕ್ಕೇ ಇಡೀ ಸೂರು ಕೀಳಿಸುವುದು ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗೆ.

ಆದರೆ ವರ್ಷಗಟ್ಟಲೆ ಸೋರಲು ಬಿಟ್ಟರೆ ನೀರು ಮೂಳೆಗೆ ಇಳಿಯುತ್ತದೆ. ಮರ ಕೊಳೆಯುತ್ತದೆ, ಕಂಬಿ ತುಕ್ಕು ಹಿಡಿಯುತ್ತದೆ. ಹಾಗಾಗಿ ಎಷ್ಟು ಸೋರುತ್ತಿದೆ ಎನ್ನುವುದಕ್ಕಿಂತ ನೀರು ಎಲ್ಲಿಯವರೆಗೆ ಹೋಗಿದೆ ಎಂದು ಕೇಳಿಕೊಳ್ಳಿ. ಒಂದು ಹನಿಯೂ ತೊಟ್ಟಿಕ್ಕದ ಸೂರಿನ ಮೂಳೆ ಮುರಿದಿರಬಹುದು. ಬಕೆಟ್ ತುಂಬಿಸುವ ಸೂರಿನ ಮೂಳೆ ಗಟ್ಟಿಯಾಗಿರಬಹುದು.

ನೀರು ಬೀಳುವ ಜಾಗದ ನೇರ ಮೇಲೆಯೇ ತೂತು ಇರುತ್ತದೆ ಅಲ್ವಾ?

ಇರಬೇಕು ಅಂತೇನಿಲ್ಲ. ಇಳಿಜಾರು ಮಾಡಿನಲ್ಲಿ ನೀರು ಒಳಗೆ ಬಂದು, ರೀಪಿನ ಗುಂಟ, ತೊಲೆಯ ಗುಂಟ ಹರಿದು, ಎಲ್ಲೋ ಒಂದು ಗಂಟು ಸಿಕ್ಕ ಕಡೆ ತೊಟ್ಟಿಕ್ಕುತ್ತದೆ. ತಾರಸಿಯಲ್ಲೂ ಅಷ್ಟೇ. ನೀರಿಗೆ ಸಂದಿ ಸಿಕ್ಕಿದ್ದು ಒಂದು ಕಡೆ, ಇಳಿಯುವುದು ಇನ್ನೊಂದು ಕಡೆ.

ನಮ್ಮ ಮನೆಯ ಕೋಣೆಯ ಮೂಲೆಯಲ್ಲಿ ಒಂದು ಕಲೆ ಇತ್ತು. ಅಂಗೈಯಷ್ಟು ಅಗಲ, ಅಂಚಿನಲ್ಲಿ ಒದ್ದೆ ಲೋಟ ಇಟ್ಟು ತೆಗೆದ ಗುರುತಿನ ಹಾಗೆ ಕಂದು ಗೆರೆ. ಎರಡು ಸಲ ಬಣ್ಣ ಬಳಿಸಿದೆ. ಎರಡು ಸಲವೂ ಮಳೆ ಬಂದ ವಾರದಲ್ಲೇ ಕಲೆ ಬಣ್ಣ ಸೀಳಿಕೊಂಡು ಬಂತು. ನೋಡಿದ ಮೇಸ್ತ್ರಿ ತಾರಸಿಯೇ ಹೋಗಿದೆ ಎಂದರು. ತಾರಸಿಯ ಮೇಲೆಲ್ಲ ಹೊಸ ಗಾರೆ ಹಾಕಿಸಿದ್ದಾಯಿತು. ಮುಂದಿನ ಮಳೆಗೆ ಅದೇ ಕಲೆ, ಅದೇ ಜಾಗ.

ಆಮೇಲೆ ಬುದ್ಧಿ ಬಂತು. ಒಂದು ಒಣ ದಿನ ಬಕೆಟ್ ಹಿಡಿದು ಮೇಲೆ ಹೋದೆ. ಮೊದಲು ತಾರಸಿಯ ನಡುವೆ ನೀರು ನಿಲ್ಲಿಸಿದೆ. ಅರ್ಧ ಗಂಟೆ ಕಾದರೂ ಕೆಳಗೆ ಏನೂ ಇಲ್ಲ. ಆಮೇಲೆ ಪ್ಯಾರಪೆಟ್ ಗೋಡೆಯ ಬುಡಕ್ಕೆ ಸುರಿದೆ. ಇಪ್ಪತ್ತು ನಿಮಿಷದಲ್ಲಿ ಕಲೆ ಕಪ್ಪಾಯಿತು. ಗೋಡೆ ಮತ್ತು ತಾರಸಿ ಸೇರುವ ಕಡೆ ಉಗುರು ಹೋಗುವಷ್ಟು ಸಂದಿ ಬಿಟ್ಟಿತ್ತು. ಅಷ್ಟೇ ಕಾಯಿಲೆ.

ಪೈಪಿನಿಂದ ನೀರು ಬಿಟ್ಟು ಪರೀಕ್ಷೆ ಮಾಡುವುದಾದರೆ ಇಳಿಜಾರು ಮಾಡಿನಲ್ಲಿ ಕೆಳಗಿನಿಂದ ಶುರು ಮಾಡಿ. ಒಂದೊಂದು ಭಾಗಕ್ಕೆ ಹತ್ತು ಹದಿನೈದು ನಿಮಿಷ ನೀರು ಬಿಟ್ಟು, ಒಳಗಡೆ ಒಬ್ಬರನ್ನು ನಿಲ್ಲಿಸಿ, ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಹೋಗಿ. ಮೇಲಿನಿಂದ ಶುರು ಮಾಡಿದರೆ ಎಲ್ಲವೂ ಒಟ್ಟಿಗೆ ಒದ್ದೆಯಾಗಿ ಏನೂ ತಿಳಿಯುವುದಿಲ್ಲ. ಮೊದಲ ಅನುಮಾನ ಯಾವಾಗಲೂ ಸೇರುವ ಜಾಗಗಳ ಮೇಲಿರಲಿ: ಗೋಡೆಯ ಬುಡ, ಪೈಪ್ ಹಾದುಹೋಗುವ ತೂತು, ಎರಡು ಇಳಿಜಾರು ಕೂಡುವ ಕಣಿವೆ, ನೀರು ಹೋಗುವ ಬಾಯಿ. ಬಟಾಬಯಲಾಗಿರುವ ನಡುಭಾಗ ಸೋರುವುದು ಕಡಿಮೆ.

ಮಳೆಯೇ ಇಲ್ಲ, ಆದರೂ ಸೂರಿನ ಕೆಳಗೆ ತೇವ. ಏನಿದು?

ಮಳೆ ಇಲ್ಲದೆ ತೇವ ಬಂದರೆ ಸೂರನ್ನು ಬೈಯುವ ಮೊದಲು ಮೂರು ವಿಷಯ ನೋಡಿ. ಮೇಲೆ ನೀರಿನ ಟ್ಯಾಂಕ್ ಇದೆಯಾ, ಅದರ ಪೈಪಿನಲ್ಲಿ ಜಿನುಗು ಇದೆಯಾ? ಮೇಲಿನ ಮಹಡಿಯಲ್ಲಿ ಬಚ್ಚಲು ಇದೆಯಾ? ತೇವ ಬರುವುದು ಚಳಿಯ ಬೆಳಗಿನಲ್ಲಿ ಮಾತ್ರವಾ?

ಮೂರನೆಯದಾದರೆ ಅದು ಸೋರಿಕೆ ಅಲ್ಲ, ಬೆವರು. ಒಳಗಿನ ಬೆಚ್ಚಗಿನ ಹಬೆ ತಣ್ಣಗಿರುವ ಸೂರಿಗೆ ತಾಗಿ ನೀರಾಗುತ್ತದೆ. ತಗಡಿನ ಮನೆಗಳಲ್ಲಿ ಇದು ಜಾಸ್ತಿ. ಸೂರು ಬದಲಾಯಿಸಿದರೂ ಹೋಗುವುದಿಲ್ಲ. ಗಾಳಿ ಆಡಲು ದಾರಿ ಮಾಡಬೇಕು, ತಗಡಿನ ಕೆಳಗೆ ಶಾಖ ತಡೆಯುವ ಪದರ ಕೊಡಬೇಕು.

ತಾರಸಿಯಲ್ಲಿ ಬಿರುಕು ಬಿಟ್ಟಿದೆ. ಯಾವುದಕ್ಕೆ ಹೆದರಬೇಕು?

ಕೂದಲೆಳೆಯಂಥ ಬಿರುಕು ಕಾಂಕ್ರೀಟಿಗೆ ಸಹಜ. ಒಣಗುವಾಗ ಕುಗ್ಗುತ್ತದೆ, ಬಿಸಿಲಿಗೆ ಹಿಗ್ಗುತ್ತದೆ. 0.3 ಮಿಲಿಮೀಟರ್ ಒಳಗಿನ ಬಿರುಕನ್ನು ಸಾಮಾನ್ಯವಾಗಿ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ನೀರು ಇಳಿಯದಂತೆ ಮುಚ್ಚಿದರೆ ಸಾಕು.

ಬೆಳೆಯುವ ಬಿರುಕಿಗೆ ಹೆದರಿ. ಬೆಳೆಯುತ್ತಿದೆಯಾ ಎಂದು ತಿಳಿಯಲು ಒಂದು ಪೆನ್ಸಿಲ್ ಸಾಕು. ಬಿರುಕಿನ ಎರಡೂ ತುದಿಗೆ ಅಡ್ಡ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯಿರಿ. ಎರಡು ಮೂರು ತಿಂಗಳಲ್ಲಿ ಬಿರುಕು ಗೆರೆ ದಾಟಿದರೆ ಅದು ಜೀವಂತ ಬಿರುಕು. ತೇವದ ಕಲೆಗೂ ಇದೇ ಉಪಾಯ: ಮಳೆ ನಿಂತ ಮೇಲೆ ಕಲೆಯ ಸುತ್ತ ಗೆರೆ, ತಾರೀಖು.

ಬಿರುಕಿನ ದಿಕ್ಕೂ ಮಾತಾಡುತ್ತದೆ. ಕೆಳಗಿನಿಂದ ನೋಡಿದಾಗ ಒಂದೇ ಅಳತೆಯ ಅಂತರದಲ್ಲಿ ನೆಟ್ಟಗೆ, ಸಾಲಾಗಿ ಬಿರುಕು ಕಂಡರೆ, ಜೊತೆಗೆ ಕಂದು ಬಣ್ಣ ಇದ್ದರೆ, ಅದು ಒಳಗಿನ ಕಂಬಿಯ ಸಾಲು. ಕಂಬಿ ತುಕ್ಕು ಹಿಡಿದು ಕಾಂಕ್ರೀಟನ್ನು ತಳ್ಳುತ್ತಿದೆ ಎಂದರ್ಥ.

ಬಾಲ್ಕನಿ ಮತ್ತು ಸಜ್ಜಾ ಬಗ್ಗೆ ಒಂದು ಮಾತು. ಕೋಣೆಯ ಮೇಲಿನ ತಾರಸಿಯ ನಡುಭಾಗದಲ್ಲಿ ಭಾರ ಹೊರುವ ಕಂಬಿ ಕೆಳಮೈಯಲ್ಲಿ ಇರುತ್ತದೆ. ಗೋಡೆಯಿಂದ ಹೊರಗೆ ಚಾಚಿಕೊಂಡ ಸಜ್ಜಾದಲ್ಲಿ ಅದು ಮೇಲ್ಮೈಯಲ್ಲಿ ಇರುತ್ತದೆ, ನೀರು ನಿಲ್ಲುವ ಕಡೆಯೇ! ಹಾಗಾಗಿ ಸಜ್ಜಾದ ಮೇಲೆ, ಗೋಡೆಯ ಪಕ್ಕದಲ್ಲೇ ಉದ್ದಕ್ಕೆ ಬಿರುಕು ಕಂಡರೆ ತಡ ಮಾಡಬೇಡಿ. ಅದು ಕುಸಿಯುವಾಗ ಮೊದಲೇ ಹೇಳಿ ಕುಸಿಯುವುದಿಲ್ಲ.

ಸೂರಿನಿಂದ ಚಕ್ಕೆ ಉದುರುತ್ತಿದೆ, ಕಂಬಿ ಕಾಣುತ್ತಿದೆ. ಪ್ಲಾಸ್ಟರ್ ಮಾಡಿಸಿದರೆ ಸಾಕಾ?

ಸುಮ್ನೆ ಪ್ಲಾಸ್ಟರ್ ಮಾಡಿಸಬೇಡಿ. ಇದು ಮೂಳೆಯ ಕಾಯಿಲೆ. ಒಳಗೆ ಏನಾಗುತ್ತದೆ ಎಂದು ತಿಳಿದರೆ ಯಾಕೆ ಸಾಲದು ಎನ್ನುವುದೂ ತಿಳಿಯುತ್ತದೆ.

ಹೊಸ ಕಾಂಕ್ರೀಟಿಗೆ ಕ್ಷಾರದ ಗುಣ ಜಾಸ್ತಿ, ಕ್ಷಾರ ಎಷ್ಟಿದೆ ಎಂದು ಹೇಳುವ ಪಿಎಚ್ ಅಂಕಿ ಸುಮಾರು 12.5 ರಿಂದ 13 ಇರುತ್ತದೆ. ಆ ಕ್ಷಾರವೇ ಕಂಬಿಗೆ ಕವಚ, ಅದು ಇರುವವರೆಗೆ ಕಂಬಿ ಸಾಮಾನ್ಯವಾಗಿ ತುಕ್ಕು ಹಿಡಿಯುವುದಿಲ್ಲ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ವರ್ಷ ವರ್ಷವೂ ಸ್ವಲ್ಪ ಸ್ವಲ್ಪ ಒಳಗೆ ಇಳಿದು ಕ್ಷಾರವನ್ನು ತಿನ್ನುತ್ತದೆ. ತಾರಸಿಯ ಕೆಳಗೆ ಕಂಬಿಯ ಮೇಲಿನ ಕಾಂಕ್ರೀಟ್ ಹೊದಿಕೆ ಸಾಮಾನ್ಯವಾಗಿ 15 ರಿಂದ 20 ಮಿಲಿಮೀಟರ್ ಅಷ್ಟೇ. ಕೆಲಸ ಕೆಟ್ಟದಾಗಿದ್ದ ಕಡೆ ಅದೂ ಇರುವುದಿಲ್ಲ. ಆ ಹೊದಿಕೆ ದಾಟಿದ ಮೇಲೆ ನೀರು, ಗಾಳಿ ಸಿಕ್ಕರೆ ಸಾಕು, ತುಕ್ಕು ಶುರು. ತುಕ್ಕು ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಹೆಚ್ಚು ಜಾಗ ಬೇಡುತ್ತದೆ. ಜಾಗ ಇಲ್ಲವಲ್ಲ, ಹಾಗಾಗಿ ಕಾಂಕ್ರೀಟನ್ನು ಒಳಗಿನಿಂದಲೇ ಒಡೆದು ಚಕ್ಕೆ ಉದುರಿಸುತ್ತದೆ.

ಮೇಲೊಂದು ಪ್ಲಾಸ್ಟರ್ ಬಳಿದರೆ ತುಕ್ಕು ಒಳಗೇ ಮುಂದುವರಿಯುತ್ತದೆ. ಒಂದೆರಡು ವರ್ಷದಲ್ಲಿ ಅದೇ ಪ್ಲಾಸ್ಟರ್ ಇನ್ನೂ ದೊಡ್ಡ ಚಕ್ಕೆಯಾಗಿ ತಲೆ ಮೇಲೆ ಬೀಳುತ್ತದೆ. ಸರಿಯಾದ ರಿಪೇರಿ ಅಂದರೆ ಸಡಿಲವಾದ ಕಾಂಕ್ರೀಟನ್ನೆಲ್ಲ ಕೆತ್ತಿ, ಕಂಬಿಯ ಹಿಂದೆಯೂ ಬಿಡಿಸಿ, ತುಕ್ಕು ಉಜ್ಜಿ, ತುಕ್ಕು ನಿರೋಧಕ ಬಳಿದು, ರಿಪೇರಿಗೆಂದೇ ಸಿಗುವ ಪಾಲಿಮರ್ ಗಾರೆ ತುಂಬುವುದು. ಜೊತೆಗೆ ಮೇಲಿನಿಂದ ನೀರು ಬರುವುದನ್ನು ನಿಲ್ಲಿಸುವುದು. ಇದನ್ನು ಬಿಟ್ಟರೆ ಉಳಿದದ್ದೆಲ್ಲ ದಂಡ.

ಬದಲಾಯಿಸುವ ಮಾತು ಬರುವುದು ಕಂಬಿಯೇ ಸವೆದಾಗ. 8 ಮಿಲಿಮೀಟರ್ ಕಂಬಿ ಸವೆದು 7 ಆಯಿತು ಅನ್ನಿ. ಒಂದು ಮಿಲಿಮೀಟರ್ ತಾನೇ ಎನ್ನಿಸುತ್ತದೆ. ಲೆಕ್ಕ ಹಾಕಿದರೆ ಕಂಬಿಯನ್ನು ಅಡ್ಡ ಕೊಯ್ದಾಗ ಕಾಣುವ ಮೈಯ ವಿಸ್ತೀರ್ಣದಲ್ಲಿ ಸುಮಾರು ಕಾಲು ಭಾಗ ಹೋಗಿರುತ್ತದೆ, ಶಕ್ತಿಯೂ ಅಷ್ಟೇ. ಉಜ್ಜಿದಾಗ ಕಂಬಿ ಪದರ ಪದರವಾಗಿ ಬಿಟ್ಟುಕೊಂಡು ಬಂದರೆ, ಅಲ್ಲಲ್ಲಿ ತುಂಡಾಗಿದ್ದರೆ, ಒಂದು ಕೋಣೆಯ ಸೂರಿನ ಬಹುಭಾಗ ಹೀಗೇ ಇದ್ದರೆ, ಒಡೆದು ಹೊಸದಾಗಿ ಹಾಕುವುದೇ ದಾರಿ.

ಚಕ್ಕೆ ಇನ್ನೂ ಉದುರಿಲ್ಲ. ಮೊದಲೇ ತಿಳಿಯಲು ಆಗುತ್ತದಾ?

ಆಗುತ್ತದೆ. ಏಣಿ ಹಾಕಿ, ಸ್ಕ್ರೂಡ್ರೈವರಿನ ಹಿಡಿಯಿಂದ ಸೂರನ್ನು ಗೇಣು ಗೇಣಿಗೆ ತಟ್ಟುತ್ತಾ ಹೋಗಿ. ಗಟ್ಟಿ ಕಾಂಕ್ರೀಟ್ ಟಣ್ ಟಣ್ ಎನ್ನುತ್ತದೆ. ಒಳಗೆ ಬಿಟ್ಟುಕೊಂಡಿದ್ದರೆ ಡಬ್ ಡಬ್ ಎಂಬ ಪೊಳ್ಳು ಸದ್ದು ಬರುತ್ತದೆ. ಕಣ್ಣಿಗೆ ಕನ್ನಡಕ ಇರಲಿ, ನೇರ ಕೆಳಗೆ ನಿಲ್ಲಬೇಡಿ. ಪೊಳ್ಳು ಕೇಳಿಸಿದ ಜಾಗಕ್ಕೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಕೊನೆಗೆ ಕೆಳಗಿಳಿದು ನಿಂತು ನೋಡಿದರೆ ಒಂದು ನಕ್ಷೆಯೇ ಸಿಗುತ್ತದೆ. ಎರಡು ಮೂರು ಅಂಗೈಯಷ್ಟು ಗುರುತು ಬೇರೆ ಮಾತು, ಅರ್ಧ ಸೂರು ಬಿಳಿಯಾಗಿದ್ದರೆ ಬೇರೆ ಮಾತು. ಒಂದು ಸಣ್ಣ ಅನುಮಾನ ಉಳಿಯುತ್ತದೆ: ಪ್ಲಾಸ್ಟರ್ ಮಾತ್ರ ಬಿಟ್ಟುಕೊಂಡಿದ್ದರೂ ಸದ್ದು ಪೊಳ್ಳೇ. ಒಂದು ಕಡೆ ಪ್ಲಾಸ್ಟರ್ ಬಿಡಿಸಿ ಕಾಂಕ್ರೀಟನ್ನೇ ತಟ್ಟಿದರೆ ಬಗೆಹರಿಯುತ್ತದೆ.

ಇಂಜಿನಿಯರ್ ಬಂದರೆ ಏನು ನೋಡುತ್ತಾರೆ?

ಕಾಂಕ್ರೀಟಿನ ಕಟ್ಟಡ ತಿಳಿದ ಸ್ಟ್ರಕ್ಚರಲ್ ಇಂಜಿನಿಯರ್ ಆಗಿರಲಿ. ವಾಟರ್‌ಪ್ರೂಫಿಂಗ್ ಮಾರುವವರು ಉಚಿತವಾಗಿ ನೋಡಿ ಹೇಳಿದ್ದನ್ನೇ ಕೊನೆಯ ಮಾತು ಎಂದುಕೊಳ್ಳಬೇಡಿ, ಅವರ ಉತ್ತರ ಸಾಮಾನ್ಯವಾಗಿ ವಾಟರ್‌ಪ್ರೂಫಿಂಗೇ.

ಸ್ಪ್ರಿಂಗ್ ಇರುವ ಸುತ್ತಿಗೆಯಿಂದ ಕಾಂಕ್ರೀಟಿನ ಮೇಲ್ಮೈಯ ಗಟ್ಟಿತನ ಅಳೆಯುವ ರೀಬೌಂಡ್ ಹ್ಯಾಮರ್ ಪರೀಕ್ಷೆ ಇದೆ. ಶಬ್ದದ ಅಲೆ ಹಾಯಿಸಿ ಒಳಗಿನ ಪೊಳ್ಳು ಹುಡುಕುವ ಅಲ್ಟ್ರಾಸಾನಿಕ್ ಪರೀಕ್ಷೆ ಇದೆ. ನನಗೆ ಇಷ್ಟವಾಗುವುದು ಫಿನಾಫ್ತಲೀನ್ ಪರೀಕ್ಷೆ. ಹೊಸದಾಗಿ ಒಡೆದ ಕಾಂಕ್ರೀಟಿನ ಮೇಲೆ ಈ ದ್ರಾವಣ ಸಿಂಪಡಿಸಿದರೆ ಕ್ಷಾರ ಉಳಿದಿರುವ ಭಾಗ ಗಾಢ ಗುಲಾಬಿಯಾಗುತ್ತದೆ, ಕ್ಷಾರ ಹೋದ ಭಾಗ ಬಣ್ಣ ಇಲ್ಲದೆ ಹಾಗೇ ಇರುತ್ತದೆ. ಗುಲಾಬಿಯ ಗೆರೆ ಕಂಬಿಗಿಂತ ಹೊರಗಿದ್ದರೆ ಕಂಬಿಗೆ ಕವಚ ಇನ್ನೂ ಇದೆ. ಕಂಬಿ ದಾಟಿ ಒಳಗೆ ಹೋಗಿದ್ದರೆ ಕವಚ ಹೋಗಿದೆ. ನಿಮ್ಮ ಕಣ್ಣೆದುರೇ ಗೊತ್ತಾಗುತ್ತದೆ, ಯಾರ ಮಾತನ್ನೂ ನಂಬಬೇಕಾಗಿಲ್ಲ.

ಸೋರಿದಾಗಲೆಲ್ಲ ತಾರಸಿ ಮೇಲೆ ಇನ್ನೊಂದು ಪದರ ಗಾರೆ ಹಾಕಿಸುತ್ತಾ ಬಂದಿದ್ದೇವೆ. ತಪ್ಪಾ?

ತಪ್ಪು. ಕಾಂಕ್ರೀಟ್ ಒಂದು ಘನ ಮೀಟರಿಗೆ ಸುಮಾರು 2500 ಕಿಲೋ ತೂಗುತ್ತದೆ. ಹತ್ತು ಅಡಿಗೆ ಹತ್ತು ಅಡಿ ಕೋಣೆಯ ಮೇಲೆ ನಾಲ್ಕು ಇಂಚಿನ ತಾರಸಿ ಇದ್ದರೆ ಅದರ ಸ್ವಂತ ತೂಕವೇ ಎರಡೂಕಾಲು ಟನ್ನಿಗೂ ಹೆಚ್ಚು. ಅದರ ಮೇಲೆ ಎರಡು ಇಂಚು ಗಾರೆ ಹಾಕಿದರೆ ಇನ್ನೂ ಹೆಚ್ಚು ಕಡಿಮೆ ಒಂದು ಟನ್. ಮೂರು ಸಲ ಹಾಕಿಸಿದ ಮನೆಗಳಿವೆ. ತುಕ್ಕು ತಿಂದ ಕಂಬಿ ಅಷ್ಟನ್ನೂ ಹೊರಬೇಕು.

ಹೊಸ ಪದರ ಬೇಕೆಂದರೆ ಮೊದಲು ಹಳೆಯದನ್ನು ತೆಗೆಸಿ. ವಾಟ ಸರಿ ಮಾಡಿಸಿ. ನೂರಕ್ಕೆ ಒಂದರಷ್ಟಾದರೂ, ಅಂದರೆ ಹತ್ತು ಅಡಿಗೆ ಒಂದೂಕಾಲು ಇಂಚಿನಷ್ಟು ವಾಟ ಇರಲಿ. ಮಳೆ ನಿಂತು 48 ಗಂಟೆ ಕಳೆದರೂ ಎಲ್ಲಾದರೂ ನೀರು ನಿಂತಿದ್ದರೆ ಅಲ್ಲಿ ವಾಟ ತಪ್ಪಿದೆ, ಇಲ್ಲವೇ ಸೂರೇ ತಗ್ಗಿದೆ.

ತಗ್ಗಿದೆ ಎಂದು ಹೇಗೆ ಗೊತ್ತಾಗುತ್ತದೆ?

ಕೋಣೆಯ ಒಳಗೆ, ಸೂರಿಗೆ ತಾಗಿದಂತೆ ಗೋಡೆಯಿಂದ ಗೋಡೆಗೆ ನೂಲು ಬಿಗಿದು ಕಟ್ಟಿ. ನಡುಭಾಗದ ಸೂರು ನೂಲನ್ನು ಎಷ್ಟು ಕೆಳಗೆ ಒತ್ತುತ್ತಿದೆ ನೋಡಿ. ಅಗಲವನ್ನು 250ರಿಂದ ಭಾಗಿಸಿದಷ್ಟು ಜೋತು ಬೀಳುವುದನ್ನು ವಿನ್ಯಾಸದಲ್ಲಿ ಒಪ್ಪುತ್ತಾರೆ, ಮೂರು ಮೀಟರ್ ಕೋಣೆಗೆ 12 ಮಿಲಿಮೀಟರ್. ಕಟ್ಟುವಾಗಲೇ ಹಲಗೆ ತಗ್ಗಿ ಹೀಗಾಗಿರುವುದೂ ಉಂಟು. ಆರು ತಿಂಗಳು ಬಿಟ್ಟು ಮತ್ತೆ ಅಳೆಯಿರಿ. ಅಳತೆ ಬದಲಾಗಿದ್ದರೆ ಇಂಜಿನಿಯರನ್ನು ಕರೆಯಿರಿ.

ಹೆಂಚಿನ ಮಾಡು. ಹೆಂಚು ಬದಲಾಯಿಸಬೇಕಾ, ಮರ ಬದಲಾಯಿಸಬೇಕಾ?

ಮೊದಲು ಮನೆಯಿಂದ ದೂರ ಹೋಗಿ ನಿಂತು ಮಾಡಿನ ನೆತ್ತಿ ನೋಡಿ. ಗೆರೆ ನೆಟ್ಟಗಿದೆಯಾ, ಮುದಿ ಕುದುರೆಯ ಬೆನ್ನಿನ ಹಾಗೆ ನಡುವೆ ತಗ್ಗಿದೆಯಾ? ತಗ್ಗಿದ್ದರೆ ಕಾಯಿಲೆ ಮರದ್ದು. ಅಟ್ಟಕ್ಕೆ ಹತ್ತಿ, ಚೂಪಾದ ಸ್ಕ್ರೂಡ್ರೈವರಿನಿಂದ ತೊಲೆಯ ತುದಿಗಳನ್ನು ಚುಚ್ಚಿ ನೋಡಿ, ಅದರಲ್ಲೂ ಗೋಡೆಯೊಳಗೆ ಹೋಗುವ ಕಡೆ. ಗಟ್ಟಿ ಮರ ತಡೆಯುತ್ತದೆ. ಕೊಳೆತ ಮರಕ್ಕೆ ಬೆಣ್ಣೆಗೆ ಇಳಿದ ಹಾಗೆ ಇಳಿಯುತ್ತದೆ. ಗೆದ್ದಲು ತಿಂದ ಮರ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ, ತಟ್ಟಿದರೆ ಪೊಳ್ಳು.

ಹೆಂಚಿಗೂ ಸದ್ದೇ ಪರೀಕ್ಷೆ. ಬೆರಳ ಗೆಣ್ಣಿನಿಂದ ತಟ್ಟಿದರೆ ಒಳ್ಳೆ ಹೆಂಚು ಗಂಟೆಯ ಹಾಗೆ ಸದ್ದು ಮಾಡುತ್ತದೆ, ಸೀಳು ಬಿಟ್ಟ ಹೆಂಚು ಮಂಕಾಗಿ. ಮೈ ಪುಡಿಯಾಗಿ ಉದುರುತ್ತಿದ್ದರೆ, ಪದರ ಬಿಡುತ್ತಿದ್ದರೆ ಅದರ ಕಾಲ ಮುಗಿದಿದೆ. ಬರೀ ಪಾಚಿ ಕಟ್ಟಿ ಕಪ್ಪಾಗಿದ್ದರೆ ಏನೂ ಆಗಿಲ್ಲ. ಮೃದುವಾದ ಬ್ರಷ್‌ನಲ್ಲಿ ಉಜ್ಜಿ ತೊಳೆಯಿರಿ, ಜೋರು ಒತ್ತಡದ ನೀರು ಬಿಟ್ಟು ಮೈ ಕೀಳಬೇಡಿ.

ಸರಿಯಾಗಿ ಸುಟ್ಟ ಮಣ್ಣಿನ ಹೆಂಚು 50 ವರ್ಷ ದಾಟಿ ಬಾಳುತ್ತದೆ. ಮೊದಲು ಸೋಲುವುದು ಅದರ ಕೆಳಗಿನ ರೀಪು. ಹಾಗಾಗಿ ಹೆಂಚೆಲ್ಲ ಜೋಪಾನವಾಗಿ ಇಳಿಸಿ, ಮರದ ಕೆಲಸ ಮುಗಿಸಿ, ಅದೇ ಹೆಂಚನ್ನು ಮತ್ತೆ ಹೊದಿಸಬಹುದು. ಒಡೆದದ್ದಕ್ಕೆ ಬದಲಿ ತರುವಾಗ ಒಂದು ಹಳೆ ಹೆಂಚನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಅಚ್ಚು ಕೂದಲಷ್ಟು ಬೇರೆಯಾದರೂ ಕಚ್ಚಿಕೊಳ್ಳುವುದಿಲ್ಲ.

ತಗಡಿನ ಸೂರು?

ಸೋರಿಕೆ ಸಾಮಾನ್ಯವಾಗಿ ಸ್ಕ್ರೂ ಇರುವ ಜಾಗದಿಂದ. ಬಿಸಿಲಿಗೆ ರಬ್ಬರ್ ವಾಷರ್ ಒಣಗಿ ಸೀಳುತ್ತದೆ, ತಗಡು ಹಿಗ್ಗಿ ಕುಗ್ಗಿ ತೂತು ದೊಡ್ಡದಾಗುತ್ತದೆ. ಸ್ವಲ್ಪ ದಪ್ಪ ಸ್ಕ್ರೂ, ಹೊಸ ವಾಷರ್ ಹಾಕಿದರೆ ವರ್ಷಗಳ ಆಯಸ್ಸು ಸಿಗುತ್ತದೆ. ಬಿಳಿ ಪುಡಿಯಂಥ ತುಕ್ಕು ಸತುವಿನ ಲೇಪದ್ದು, ಅದು ಎಚ್ಚರಿಕೆ ಅಷ್ಟೇ. ಕೆಂಪು ತುಕ್ಕು ಬಂತೆಂದರೆ ಲೇಪ ಹೋಗಿ ಉಕ್ಕು ಬಯಲಾಗಿದೆ. ಹಗಲಲ್ಲಿ ಒಳಗೆ ದೀಪ ಆರಿಸಿ, ಬಾಗಿಲು ಹಾಕಿ, ತಲೆ ಎತ್ತಿ ನೋಡಿ. ನಕ್ಷತ್ರದ ಹಾಗೆ ಅಲ್ಲಲ್ಲಿ ಬೆಳಕು ಕಂಡರೆ ಹೊಸ ತಗಡು ತರುವ ಕಾಲ.

ಹಳೆಯ ಸಿಮೆಂಟ್ ಶೀಟ್ ಒಡೆದಿದೆ. ನಾವೇ ತೆಗೆಯಬಹುದಾ?

ಬೇಡ. ಹಳೆಯ ಸಿಮೆಂಟ್ ಶೀಟುಗಳಲ್ಲಿ ಆಸ್ಬೆಸ್ಟಸ್ ಎಂಬ ನಾರು ಇರುವ ಸಾಧ್ಯತೆ ಹೆಚ್ಚು. ಎಲ್ಲ ಬಗೆಯ ಆಸ್ಬೆಸ್ಟಸ್ ಕೂಡ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಆಸ್ಟ್ರೇಲಿಯಾ 2003ರ ಕೊನೆಯಿಂದ ಇದನ್ನು ಪೂರ್ತಿ ನಿಷೇಧಿಸಿದೆ, ಇನ್ನೂ ಹಲವು ದೇಶಗಳು ನಿಷೇಧಿಸಿವೆ. ಶೀಟು ಗಟ್ಟಿಯಾಗಿ ಕೂತಿರುವವರೆಗೆ ಅಪಾಯ ಕಡಿಮೆ. ಒಡೆದಾಗ, ಕೊರೆದಾಗ, ಗರಗಸ ಹಾಕಿದಾಗ, ಒತ್ತಡದ ನೀರಿನಲ್ಲಿ ತೊಳೆದಾಗ ಕಣ್ಣಿಗೆ ಕಾಣದ ನಾರು ಗಾಳಿಗೆ ಸೇರುತ್ತದೆ. ಕಾಯಿಲೆ ತೋರುವುದು ಇಪ್ಪತ್ತು, ನಲವತ್ತು ವರ್ಷ ಬಿಟ್ಟು. ತಿಳಿದವರು ಶೀಟನ್ನು ಒದ್ದೆ ಮಾಡಿ, ಒಡೆಯದೆ ಇಡಿಯಾಗಿ ಇಳಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸಾಗಿಸುತ್ತಾರೆ. ಅಂಚು ಪುಡಿಪುಡಿಯಾಗುತ್ತಿದ್ದರೆ ಸೋರುತ್ತಿರಲಿ ಬಿಡಲಿ, ಬದಲಾಯಿಸಿ.

ಈ ಶೀಟಿನ ಮೇಲೆ ಕಾಲಿಡಲೂ ಬೇಡಿ. ಹಳೆಯದಾದಷ್ಟೂ ಮುರುಕಲು, ಕಾಲಿಟ್ಟವರು ಶೀಟಿನ ಸಮೇತ ಕೆಳಗೆ ಬೀಳುತ್ತಾರೆ.

ಸೂರಿನ ಆಯಸ್ಸು ಎಷ್ಟು ವರ್ಷ?

ಡಾಂಬರು ಶಿಂಗಲ್, ಅಂದರೆ ಹೆಂಚಿನ ಹಾಗೆ ಸಾಲಾಗಿ ಹೊದಿಸುವ ಡಾಂಬರಿನ ತೆಳು ಹಾಳೆ, 15 ರಿಂದ 30 ವರ್ಷ. ಲೇಪ ಇರುವ ತಗಡು 20 ರಿಂದ 40. ಕಾಂಕ್ರೀಟ್ ತಾರಸಿಯನ್ನು ಸಾಮಾನ್ಯವಾಗಿ 50 ವರ್ಷಕ್ಕೆ ಎಂದು ಲೆಕ್ಕ ಹಾಕಿ ಕಟ್ಟುತ್ತಾರೆ. ಮೇಲೆ ಬಳಿಯುವ ವಾಟರ್‌ಪ್ರೂಫಿಂಗ್ ಬಣ್ಣದ್ದು ಬರೀ 5 ರಿಂದ 10 ವರ್ಷ, ಇದನ್ನು ಜನ ಮರೆಯುತ್ತಾರೆ. ಸಮುದ್ರದ ಉಪ್ಪುಗಾಳಿ ಇರುವ ಕಡೆ ಕಂಬಿಗೂ ತಗಡಿಗೂ ಆಯಸ್ಸು ಕಡಿಮೆ. ವಯಸ್ಸು ನೋಡಿ ಬದಲಾಯಿಸಬೇಡಿ, ವಯಸ್ಸಾದ ಮೇಲೆ ವರ್ಷಕ್ಕೊಮ್ಮೆ ನೋಡುತ್ತಿರಿ.

ಎಷ್ಟು ಹಾಳಾದರೆ ಪೂರ್ತಿ ಬದಲಾಯಿಸುವುದು ಲಾಭ?

ಮೂರನೇ ಒಂದು ಭಾಗಕ್ಕಿಂತ ಹೆಚ್ಚು ರಿಪೇರಿ ಬೇಡುತ್ತಿದ್ದರೆ ಬದಲಾವಣೆಯ ಲೆಕ್ಕ ಹಾಕುವುದು ಒಳ್ಳೆಯದು. ಇದು ಕೈಯಂದಾಜು, ಕಾನೂನಲ್ಲ. ಇನ್ನೊಂದು ಅಳತೆಯ ಮೇಲೆ ನನಗೆ ಹೆಚ್ಚು ನಂಬಿಕೆ: ಪ್ರತಿ ವರ್ಷ ಹೊಸ ಹೊಸ ಜಾಗದಲ್ಲಿ ತೊಂದರೆ ಬರುತ್ತಿದೆಯಾ? ಒಂದೇ ಜಾಗ ಮತ್ತೆ ಮತ್ತೆ ಸೋರಿದರೆ ರಿಪೇರಿ ಸರಿಯಾಗಿಲ್ಲ. ಜಾಗ ಬದಲಾಯಿಸುತ್ತಾ ಸೋರಿದರೆ ಸೂರು ಒಟ್ಟಾಗಿಯೇ ಸೋತಿದೆ.

ತಕ್ಷಣ ಕೋಣೆ ಖಾಲಿ ಮಾಡಬೇಕಾದ ಲಕ್ಷಣ ಯಾವುದು?

ದೊಡ್ಡ ಚಕ್ಕೆ ಬಿದ್ದು ಕಂಬಿ ಕೆಳಕ್ಕೆ ಬಾಗಿರುವುದು. ಸೂರು ಹೊಸದಾಗಿ ಜೋತಿರುವುದು. ನಿನ್ನೆ ಇಲ್ಲದ ಅಗಲ ಬಿರುಕು. ಮರ ಲಟಲಟ ಎನ್ನುವುದು. ಸೂರು ಕದಲಿದ್ದರಿಂದ ಇದ್ದಕ್ಕಿದ್ದಂತೆ ಕಿಟಕಿ, ಬಾಗಿಲು ಬಿಗಿಯಾಗುವುದು. ಇವುಗಳಲ್ಲಿ ಯಾವುದಾದರೂ ಒಂದು ಕಂಡರೂ ಆ ಕೋಣೆಯಲ್ಲಿ ಮಲಗಬೇಡಿ. ಮೇಲಿನ ಟ್ಯಾಂಕ್ ಖಾಲಿ ಮಾಡಿ, ಒಂದು ಸಾವಿರ ಲೀಟರ್ ಅಂದರೆ ಒಂದು ಟನ್ ಭಾರ ಇಳಿಯುತ್ತದೆ.

ತಗಡು ತೆಗೆದು ಅದೇ ಚೌಕಟ್ಟಿನ ಮೇಲೆ ಹೆಂಚು ಹಾಕಬಹುದಾ?

ಚೌಕಟ್ಟನ್ನು ಇಂಜಿನಿಯರಿಗೆ ತೋರಿಸದೆ ಬೇಡ. ತಗಡು ಒಂದು ಚದರ ಮೀಟರಿಗೆ ಸುಮಾರು 5 ಕಿಲೋ, ಹೆಂಚು 40 ಕಿಲೋ ದಾಟಬಹುದು. ಹೆಂಚು ತೆಗೆದು ತಗಡು ಹಾಕುವಾಗ ತೊಂದರೆ ತಿರುವುಮುರುವು. ಭಾರ ಕಡಿಮೆಯಾದ್ದರಿಂದ ಗಾಳಿಗೆ ಎತ್ತಿಕೊಂಡು ಹೋಗದ ಹಾಗೆ ಚೌಕಟ್ಟನ್ನು ಗೋಡೆಗೆ ಬಿಗಿಯಬೇಕು.

ಮಳೆ ಶುರುವಾಗಿಬಿಟ್ಟಿದೆ. ಈಗ ಏನು ಮಾಡಲಿ?

ಈಗ ಬಿಚ್ಚಬೇಡಿ. ಗಟ್ಟಿ ಟಾರ್ಪಾಲಿನ್ ಹೊದಿಸಿ, ನೆತ್ತಿ ದಾಟಿಸಿ ಆ ಕಡೆಯ ಇಳಿಜಾರಿನಲ್ಲಿ ಕಟ್ಟಿ. ತೂತಿನ ಮೇಲಷ್ಟೇ ಹಾಕಿದರೆ ನೀರು ಮೇಲಿನಿಂದ ಅದರ ಅಡಿಗೆ ನುಗ್ಗುತ್ತದೆ. ಟಾರ್ಪಾಲಿನ್ ಹಾರದಿರಲಿ ಎಂದು ಇಟ್ಟಿಗೆ ಪೇರಿಸಬೇಡಿ, ಹಗ್ಗದಲ್ಲಿ ಬಿಗಿಯಿರಿ. ನೀರು ಹೋಗುವ ಬಾಯಿ, ಮಾಡಿನ ಅಂಚಿನ ನೀರಿನ ದೋಣಿ ಎಲ್ಲ ಎಲೆ ತೆಗೆದು ಚೊಕ್ಕ ಮಾಡಿ. ಒದ್ದೆ ಹೆಂಚಿನ ಮೇಲೆ, ಪಾಚಿಯ ಮೇಲೆ ನೀವು ಹತ್ತಬೇಡಿ, ಕೆಲಸದವರನ್ನು ಕರೆಸಿ. ಸೋರುವ ಪ್ರತಿ ಜಾಗದ ಫೋಟೋ ತೆಗೆದಿಡಿ. ಬೇಸಿಗೆಯಲ್ಲಿ ಮೇಸ್ತ್ರಿ ಬಂದಾಗ ಎಲ್ಲವೂ ಒಣಗಿರುತ್ತದೆ, ಎಲ್ಲಿ ಸೋರುತ್ತಿತ್ತು ಎಂದು ತೋರಿಸಲು ನಿಮ್ಮ ಹತ್ತಿರ ಬೇರೆ ಏನೂ ಇರುವುದಿಲ್ಲ.